ರಾಂಗ್ ಶೋ

ರಮ್ಮಿ ಕೌಶಲದ ಆಟ ಹೌದೋ ಅಲ್ಲವೋ? ಹೌದು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅನುಮಾನ ಇರೋದು ಈ ಮಾತನ್ನು ಇಷ್ಟು ವರ್ಷ ಜಾಹೀರಾತಿನಲ್ಲಿ ಕೂಗಿ ಕೂಗಿ ನಮಗೆ ಮಾರಿದವರ ಮೇಲೆ.

2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಪಾಸು ಮಾಡಿತಲ್ಲ, ಆ ವಾರ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದು ಎರಡೇ ಮಾತು. ಒಂದು, "ಒಳ್ಳೇದೇ ಆಯ್ತು ಬಿಡಿ, ಇಸ್ಪೀಟು ಅಂದ್ರೇನೇ ಜೂಜು." ಇನ್ನೊಂದು, "ಅನ್ಯಾಯ ಗುರೂ, ಸುಪ್ರೀಂ ಕೋರ್ಟೇ ಸ್ಕಿಲ್ ಗೇಮ್ ಅಂತ ಹೇಳಿದೆ." ಮೊದಲನೇ ಮಾತು ಆಡಿದವರಿಗೆ ರಮ್ಮಿ ಗೊತ್ತಿಲ್ಲ. ಎರಡನೇ ಮಾತು ಆಡಿದವರಿಗೂ ಗೊತ್ತಿಲ್ಲ, ಆದರೆ ಗೊತ್ತಿದೆ ಅಂದುಕೊಂಡಿದ್ದಾರೆ. ನನ್ನ ಜಗಳ ಇಬ್ಬರ ಜೊತೆಗೂ ಇದೆ. ಎರಡನೆಯವರ ಜೊತೆ ಸ್ವಲ್ಪ ಜಾಸ್ತಿ.

ಜಗಳಕ್ಕಿಂತ ಮೊದಲು ಒಂದು ಕೈ ಓದೋಣ. ರಮ್ಮಿಯಲ್ಲಿ ಕೌಶಲ ಎಲ್ಲಿದೆ ಅಂತ ತಿಳಿಯದೆ ಕೌಶಲದ ಬಗ್ಗೆ ವಾದ ಮಾಡೋದರಲ್ಲಿ ಅರ್ಥವಿಲ್ಲ.

ನಮ್ಮ ಕಡೆಯ ರಮ್ಮಿಗೆ ಎರಡು ಕಟ್ಟು, ಒಬ್ಬೊಬ್ಬರಿಗೆ 13 ಎಲೆ. ಒಂದು ಎಲೆ ಎತ್ತಬೇಕು, ಒಂದು ಬಿಸಾಕಬೇಕು. ಕೊನೆಗೆ ಹದಿಮೂರೂ ಎಲೆ ಗುಂಪಿನಲ್ಲಿ ಕೂರಬೇಕು. ಗುಂಪಿನಲ್ಲಿ ಎರಡು ಜಾತಿ. ಒಂದೇ ಬಣ್ಣದ ಸಾಲು ಎಲೆಗಳಾದರೆ ಸೀಕ್ವೆನ್ಸ್: ಆಟೀನು 6, 7, 8 ಇದ್ದ ಹಾಗೆ. ಒಂದೇ ನಂಬರು ಬೇರೆ ಬೇರೆ ಬಣ್ಣದಲ್ಲಿ ಬಂದರೆ ಸೆಟ್: ಇಸ್ಪೀಟು, ಡೈಮನ್, ಕಳಾವರದ ಮೂರು ರಾಜರು ಇದ್ದ ಹಾಗೆ. ಸೀಕ್ವೆನ್ಸ್ ಕನಿಷ್ಠ ಎರಡು ಬೇಕು, ಅದರಲ್ಲೊಂದು ಜೋಕರ್ ಮುಟ್ಟದ್ದಾಗಿರಬೇಕು. ಈ ಜೋಕರ್ ಇಲ್ಲದ ಸಾಲಿಗೇ 'ಫಸ್ಟ್ ಲೈಫ್' ಅನ್ನೋದು. ಅದಿಲ್ಲದೆ ಉಳಿದಿದ್ದೆಲ್ಲ ಕಾಗದ.

ಈಗ ಈ ಕೈ ನೋಡಿ. ಇಸ್ಪೀಟು 5, 6, ಜೋಕರ್, 8. ಕಳಾವರ 10, ಗುಲಾಮ, ಜೋಕರ್. ಮೂರು ಬಣ್ಣದ ಮೂರು ರಾಜ. ಮೂರು ಬಣ್ಣದ ಮೂರು 9. ಎಣಿಸಿ: 4, 3, 3, 3. ಹದಿಮೂರೂ ಎಲೆ ಜಾಗದಲ್ಲಿವೆ. ಸಾಲೂ ಎರಡಿವೆ. ಹೊಸಬ ಈ ಕೈ ಬಂದ ಖುಷಿಗೆ ಎಲೆಗಳನ್ನು ನೆಲಕ್ಕೆ ಬಡಿದು "ಶೋ!" ಅಂತಾನೆ. ಇದು ರಾಂಗ್ ಶೋ. ಎರಡು ಸಾಲಿನಲ್ಲೂ ಜೋಕರ್ ಕೂತಿದೆ, ಫಸ್ಟ್ ಲೈಫ್ ಇಲ್ಲ. ನೋಡೋಕೆ ಎಷ್ಟೇ ಚೆಂದ ಇದ್ದರೂ 80 ಪಾಯಿಂಟ್ ದಂಡ.

ಇಂಥ ಹಳ್ಳ ಇನ್ನೂ ಇವೆ. ಎರಡು ಕಟ್ಟು ಇರುವುದರಿಂದ ಆಟೀನು 7 ಎರಡು ಸಲ ಬರಬಹುದು. ಅವೆರಡಕ್ಕೆ ಕಳಾವರ 7 ಸೇರಿಸಿದರೆ ಸೆಟ್ ಆಗಲ್ಲ. ರಾಣಿ, ರಾಜ, ಎಕ್ಕ ಸಾಲಾಗುತ್ತದೆ, ಎಕ್ಕ, 2, 3 ಕೂಡ ಸಾಲಾಗುತ್ತದೆ, ಆದರೆ ರಾಜ, ಎಕ್ಕ, 2 ಅಂತ ಸುತ್ತು ಹಾಕೋ ಹಾಗಿಲ್ಲ. ಇದಕ್ಕೆಲ್ಲ ಉಲ್ಟಾ ಇನ್ನೊಂದಿದೆ. ಈ ಆಟಕ್ಕೆ 4 ಜೋಕರ್ ಅಂತ ಬಿತ್ತು ಅನ್ನಿ. ನಿಮ್ಮ ಕೈಲಿ ಡೈಮನ್ 3, 4, 5 ಇದೆ. ಹೆದರಿ ಆ ಸಾಲನ್ನು ಒಡೆಯಬೇಡಿ. ಆ 4 ತನ್ನ ಬಣ್ಣದಲ್ಲಿ, ತನ್ನ ಜಾಗದಲ್ಲೇ ಕೂತಿದೆ. ಜೋಕರ್ ತನ್ನ ಮನೆಯಲ್ಲಿ ಜೋಕರ್ ಅಲ್ಲ. ಅದು ಒಳ್ಳೇ ಫಸ್ಟ್ ಲೈಫ್.

ಇದನ್ನು ನನಗೆ ಕಲಿಸಿದ್ದು ದೊಡ್ಡಪ್ಪ. ಅಂಕೋಲೆಯಿಂದ ಯಲ್ಲಾಪುರದ ಕಡೆ ಹೊರಟರೆ ಹೆದ್ದಾರಿ ಬದಿಗೆ ಸಿಗುವ ಅಗಸೂರು ನಮ್ಮದು. ಚೌತಿ ಹಬ್ಬದ ರಾತ್ರಿ, ಮದುವೆ ಮನೆಯಲ್ಲಿ ತರಕಾರಿ ಹೆಚ್ಚಿ ಮುಗಿದ ಮೇಲೆ, ಮಳೆಗಾಲದಲ್ಲಿ ಕರೆಂಟು ಹೋದಾಗ, ಜಗಲಿ ಮೇಲೆ ಚಾಪೆ ಹಾಸಿ ಎಲೆ ಹಂಚುತ್ತಿದ್ದರು. ಪಣ ಗೇರುಬೀಜ. ದೊಡ್ಡಪ್ಪ ಮಕ್ಕಳನ್ನು ಸೀದಾ ಆಟಕ್ಕೆ ಕೂರಿಸುತ್ತಿರಲಿಲ್ಲ. 13 ಎಲೆ ಕಲಸಿ ಮುಂದಿಟ್ಟು "ಓದು ತಮಾ" ಅನ್ನುತ್ತಿದ್ದ. ಜೋಡಿಸಿದ ಮೇಲೆ ಒಂದು ಎಲೆ ಕಿತ್ತುಕೊಂಡು, "ಈಗ ಯಾವ ಎಲೆ ಬೇಕು? ಅಂಥದ್ದು ಇನ್ನೆಷ್ಟು ಉಳದದೆ?"

ಆ ಎರಡನೇ ಪ್ರಶ್ನೆ ಇದೆಯಲ್ಲ, ರಮ್ಮಿಯ ಕೌಶಲ ಅನ್ನೋದು ಅಲ್ಲಿಂದ ಶುರು. ಕೈಲಿ ಆಟೀನು 6, 7 ಇದ್ದರೆ 5 ಬಂದರೂ ಆಯಿತು, 8 ಬಂದರೂ ಆಯಿತು. ಎರಡು ಕಟ್ಟಿನಲ್ಲಿ ಅಂಥ ಎಲೆ ನಾಲ್ಕು. ಕೈಲಿ 6, 8 ಇದ್ದರೆ 7 ಮಾತ್ರ ಬೇಕು, ಅಂಥವು ಎರಡೇ. ಎಕ್ಕ, 2 ಇದ್ದರೂ ಅಷ್ಟೇ, 3 ಎರಡೇ. ನೋಡೋಕೆ ಮೂರೂ ಜೋಡಿ ಒಂದೇ ತರಹ ಕಾಣುತ್ತವೆ, ಆದರೆ ಮೊದಲನೆಯದಕ್ಕೆ ದುಪ್ಪಟ್ಟು ದಾರಿ ಇದೆ. ಎದುರಿನವನು ಆಗಲೇ ಎರಡು 8 ಬಿಸಾಕಿದ್ದನ್ನು ನೀವು ನೋಡಿದ್ದೀರಿ, ನೆನಪಿದೆ ಅಂದರೆ ನಾಲ್ಕು ಎರಡಾಯಿತು. ನೋಡಿಯೂ ಮರೆತರೆ ಇಲ್ಲದ ಎಲೆಗೆ ಕಾಯುತ್ತಾ ಕೂತಿರುತ್ತೀರಿ.

ಇಂಜಿನಿಯರ್ ಬುದ್ಧಿ, ಒಮ್ಮೆ ಲೆಕ್ಕ ಹಾಕಿದ್ದೆ. ಒಂದು ಕಟ್ಟಿನಿಂದ 13 ಎಲೆಯ ಕೈ 635 ನೂರು ಕೋಟಿಗೂ ಮೇಲೆ, ಸರಿಯಾಗಿ ಹೇಳಿದರೆ 63,501 ಕೋಟಿ ಚಿಲ್ಲರೆ ಬಗೆಯಲ್ಲಿ ಬರಬಹುದು. ಎರಡು ಕಟ್ಟಾದರೆ ಇನ್ನೂ ಜಾಸ್ತಿ. ಆದರೆ ಆ ಸಮುದ್ರದಲ್ಲಿ ಕಣ್ಣಿಗೆ ಹತ್ತಿಸಿಕೊಳ್ಳಬೇಕಾದ ಆಕಾರ ಎಷ್ಟು? ಮೂರೆಲೆಯ ಜೋಕರ್ ಇಲ್ಲದ ಸಾಲು ಬಣ್ಣಕ್ಕೆ 12ರಂತೆ ಒಟ್ಟು 48. ಮೂರೆಲೆಯ ಸೆಟ್ 52. ನೂರೇ ನೂರು. ನಮ್ಮ ಕನ್ನಡದ ಕಾಗುಣಿತ ಇದಕ್ಕಿಂತ ದೊಡ್ಡದು! ಅದಕ್ಕೇ ಶಾಲೆ ಮೆಟ್ಟಿಲು ಹತ್ತದ ನಮ್ಮೂರಿನ ಅಜ್ಜಂದಿರು ಬುಡ್ಡಿ ದೀಪದಲ್ಲೂ ಕೈ ಓದುತ್ತಿದ್ದರು.

ಇದು ನಮ್ಮೂರಿನದೊಂದೇ ಕಥೆ ಅಲ್ಲ. ಅಮೆರಿಕದಲ್ಲಿ ಮಾಜಾಂಗ್ ಅಂತ ಆಟ ಇದೆ, ಚೀನಾದಿಂದ ಹೋದದ್ದು. ನಮ್ಮ ದೇಶದಲ್ಲೂ ಸೇನಾಧಿಕಾರಿಗಳ ಮನೆಯ ಹೆಂಗಸರು ಅದರ ಇನ್ನೊಂದು ಬಗೆಯನ್ನು ಆಡುತ್ತಾರೆ. ಎಲೆಯ ಬದಲು ಬಿಲ್ಲೆ. ಅಮೆರಿಕದ ಬಗೆಯಲ್ಲಿ 152 ಬಿಲ್ಲೆ, ಅದರಲ್ಲಿ 8 ಜೋಕರ್, ಗೆಲ್ಲುವ ಕೈಗೆ 14 ಬಿಲ್ಲೆ. 1937ರಲ್ಲಿ ನ್ಯೂಯಾರ್ಕಿನಲ್ಲಿ ಕೆಲವು ಹೆಂಗಸರು ಸೇರಿ ಒಂದು ಲೀಗ್ ಕಟ್ಟಿದರು. ಯಾವ ಯಾವ ಕೈ ಸರಿ ಅಂತ ಆ ಲೀಗ್ ಪ್ರತಿ ವರ್ಷ ಒಂದು ಕಾರ್ಡು ಅಚ್ಚು ಹಾಕುತ್ತದೆ. ಪ್ರತಿ ವರ್ಷ ಪಟ್ಟಿ ಬದಲು. ನಲವತ್ತು ವರ್ಷ ಆಡಿದ ಅಜ್ಜಿಯೂ ಹೊಸ ಕಾರ್ಡು ಬಂದ ದಿನ ಮತ್ತೆ ಒಂದನೇ ಕ್ಲಾಸು. ಅಲ್ಲೂ ಜೋಕರಿಗೆ ಪ್ರವೇಶವಿಲ್ಲದ ಜಾಗ ಇದೆ: ಮೂರಕ್ಕಿಂತ ಚಿಕ್ಕ ಗುಂಪಿನಲ್ಲಿ, ಅಂದರೆ ಜೋಡಿಯಲ್ಲಿ, ಅದನ್ನು ಕೂರಿಸೋ ಹಾಗಿಲ್ಲ. ಪಟ್ಟಿ ಮುಂದೆಯೇ ಇದ್ದರೂ ಬಿಲ್ಲೆ ನೋಡಿ ಕೈ ಗುರುತಿಸೋದು ಅವರವರ ಕಣ್ಣಿನ ಕೆಲಸ. ಕೈ ಓದೋದು ಕಲಿತ ಮೇಲೇ ಆಟ. ಈ ಕ್ರಮ ಅಲ್ಲೂ ಒಂದೇ, ನಮ್ಮ ಜಗಲಿಯಲ್ಲೂ ಒಂದೇ.

ಈಗ ಆ್ಯಪ್‌ಗೆ ಬರೋಣ. ದುಡ್ಡು ಕಟ್ಟಿ ಆಡಿಸುತ್ತಿದ್ದ ರಮ್ಮಿ ಆ್ಯಪ್‌ಗಳಲ್ಲಿ ನಿಮ್ಮ ಕೈ ಓದುತ್ತಿದ್ದದ್ದು ಯಾರು? 'ಸಾರ್ಟ್' ಅಂತ ಒಂದು ಬಟನ್. ಒತ್ತಿದರೆ ಬಣ್ಣ ಬಣ್ಣ ಬೇರೆ. ಗುಂಪು ಮಾಡಿದರೆ ತಲೆ ಮೇಲೆ ಚೀಟಿ: 'ಪ್ಯೂರ್ ಸೀಕ್ವೆನ್ಸ್', 'ಸೆಟ್', 'ಇನ್‌ವ್ಯಾಲಿಡ್'. ಎಷ್ಟು ಪಾಯಿಂಟ್ ಅಂತ ಅದೇ ಎಣಿಸಿ ಹೇಳುತ್ತದೆ. ಯಾರು ಏನು ಬಿಸಾಕಿದರು ಅಂತ ಎಷ್ಟೋ ಆ್ಯಪ್‌ಗಳಲ್ಲಿ ಪಟ್ಟಿಯೇ ಇತ್ತು. ನಾನೂ ಸಾಫ್ಟ್‌ವೇರ್ ಬರೆಯೋನೇ, ಆದ್ದರಿಂದ ಹೇಳುತ್ತೇನೆ: ಇವು ಬಳಕೆದಾರನ ಮೇಲಿನ ಪ್ರೀತಿಗೆ ಹುಟ್ಟಿದ ಸೌಲಭ್ಯಗಳಲ್ಲ. ಯೋಚನೆ ಮಾಡುವ ಜಾಗಗಳನ್ನು ಒಂದೊಂದಾಗಿ ತೆಗೆದರೆ ಆಟ ಬೇಗ ಮುಗಿಯುತ್ತದೆ. ಬೇಗ ಮುಗಿದರೆ ಇನ್ನೊಂದು ಆಟ. ಪ್ರತಿ ಆಟಕ್ಕೂ ಕಂಪನಿಗೆ ಪಾಲು.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದ. ಎಂಟು ತಿಂಗಳಲ್ಲಿ 3 ಲಕ್ಷ 40 ಸಾವಿರ ಕಳೆದಿದ್ದ. ಅಪ್ಪನ ಕಣ್ಣಿನ ಆಪರೇಷನ್ನಿಗೆ ಅಂತ ಇಟ್ಟ ದುಡ್ಡೂ ಅದರಲ್ಲಿ ಸೇರಿತ್ತು. ಸಾಲ ಕೊಡೋ ಆ್ಯಪ್‌ನವರು ಫೋನ್ ಮಾಡೋಕೆ ಶುರು ಮಾಡಿದಾಗಲೇ ನಮಗೆ ವಿಷಯ ಗೊತ್ತಾಗಿದ್ದು. ಅದಕ್ಕೆ ಕೆಲವು ವಾರ ಮೊದಲು ಟೀಮ್ ಔಟಿಂಗಿಗೆ ಹೋದಾಗ ಯಾರೋ ನಿಜವಾದ ಕಟ್ಟು ತೆಗೆದು ಹಂಚಿದ್ದರು. ಅವನು ದಿನಾ ಆಡುವವನು ಅಂತ ಎಲ್ಲರಿಗೂ ಗೊತ್ತಿತ್ತು, ಅವನೇ ಗೆಲ್ಲುತ್ತಾನೆ ಅಂದುಕೊಂಡಿದ್ದೆವು. ಅವನಿಗೆ 13 ಎಲೆ ಕೈಯಲ್ಲಿ ಬಿಡಿಸಿ ಹಿಡಿಯೋಕೇ ಬರಲಿಲ್ಲ. ಜೋಡಿಸೋಕೆ ಐದು ನಿಮಿಷ ಹಿಡಿಯಿತು. ಎರಡನೇ ಆಟದಲ್ಲೇ ರಾಂಗ್ ಶೋ ಮಾಡಿದ, ಎರಡು ಆಟೀನು 7 ಇಟ್ಟುಕೊಂಡು. "ಆ್ಯಪ್‌ನಲ್ಲಿ ಇದನ್ನ ಅದೇ ತೋರಿಸುತ್ತೆ" ಅಂದ. ಎಲ್ಲರೂ ನಕ್ಕೆವು. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದ ಮೇಲೆ ಯಾರಿಗೂ ನಗು ಬರಲಿಲ್ಲ.

ಒಬ್ಬನನ್ನು ನೋಡಿ ದೇಶ ಅಳೆಯಬಾರದು, ಒಪ್ಪಿದೆ. ಚೆನ್ನಾಗಿ ಆಡುವವರು ಆ್ಯಪ್‌ನಲ್ಲೂ ಇದ್ದರು. ಆದರೆ ನನ್ನ ಪ್ರಶ್ನೆ ಇಷ್ಟೇ. 'ಕೌಶಲದ ಆಟ' ಅಂತ ಬೋರ್ಡು ಹಾಕಿದ ಅಂಗಡಿಯಲ್ಲಿ ಎಂಟು ತಿಂಗಳು, ದಿನಾ ರಾತ್ರಿ, ಲಕ್ಷಗಟ್ಟಲೆ ಫೀಸು ಕಟ್ಟಿ ಕೂತವನಿಗೆ ಆ ಕೌಶಲದ ಮೊದಲ ಪಾಠವೂ ಬರಲಿಲ್ಲ ಅಂದರೆ, ಆ ಅಂಗಡಿ ಮಾರಿದ್ದು ಏನನ್ನು?

"ಕೋರ್ಟೇ ಹೇಳಿದೆ" ಅನ್ನುವವರು ಆ ತೀರ್ಪನ್ನು ಒಮ್ಮೆ ಪೂರ್ತಿ ಓದಬೇಕು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೇಲೆ ಪೊಲೀಸರು ದಾಳಿ ಮಾಡಿ ರಮ್ಮಿ ಆಡುತ್ತಿದ್ದವರನ್ನು ಹಿಡಿದಿದ್ದರು. ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ನಡುವಿನ ಆ ಮೊಕದ್ದಮೆಯ ತೀರ್ಪನ್ನು ಎಲ್ಲರೂ 1968ರ ತೀರ್ಪು ಅಂತಲೇ ಕರೆಯುತ್ತಾರೆ. ನ್ಯಾಯಮೂರ್ತಿ ಹಿದಾಯತುಲ್ಲಾ ಅದರಲ್ಲಿ ರಮ್ಮಿಯನ್ನು ಮೂರೆಲೆ ಆಟದಿಂದ ಬೇರೆ ಮಾಡಿ ನಿಲ್ಲಿಸಿದರು. ಯಾಕೆ? ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಸಾಕಬೇಕು ಅಂತ ತೀರ್ಮಾನಿಸಿ ಕೈ ಕಟ್ಟಬೇಕು, ಅದಕ್ಕೆ ಸಾಕಷ್ಟು ಕೌಶಲ ಬೇಕು. ಅಂದರೆ ನಮ್ಮ ದೊಡ್ಡಪ್ಪನ ಎರಡು ಪ್ರಶ್ನೆ! ಕೋರ್ಟು ಕಾಪಾಡಿದ್ದು ಆ ನೆನಪನ್ನು, ಆ ತೀರ್ಮಾನವನ್ನು. ಆ್ಯಪ್‌ಗಳು ಒಂದು ಕೈಯಲ್ಲಿ ಈ ತೀರ್ಪನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಅದು ಹೇಳಿದ ನೆನಪಿನ ಕೆಲಸವನ್ನೇ ಆಟಗಾರನಿಂದ ಕಿತ್ತುಕೊಂಡವು.

ಅಷ್ಟೇ ಅಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾವ ಜಾಹೀರಾತೂ ಹೇಳಲಿಲ್ಲ. ಪಣಕ್ಕಿಟ್ಟು ಆಡುವ ರಮ್ಮಿಯಿಂದ ಮನೆ ಅಥವಾ ಕ್ಲಬ್ಬಿನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದಾನೆ ಅನ್ನೋದಕ್ಕೆ ಸಾಕ್ಷಿ ಇದ್ದರೆ ಆಗ ಅಪರಾಧ ಆಗಬಹುದು ಅಂತ. ಕ್ಲಬ್ಬು ಕುರ್ಚಿ ಮೇಜಿನ ಖರ್ಚಿಗೆ ಸಣ್ಣ ಶುಲ್ಕ ತಗೊಳ್ಳೋದು ಬೇರೆ, ಪ್ರತಿ ಪಣದಲ್ಲೂ ಪಾಲು ಕತ್ತರಿಸಿಕೊಳ್ಳೋದು ಬೇರೆ. ಕಂಪನಿಗಳು ತೀರ್ಪಿನ ಅರ್ಧ ಎಲೆ ಇಟ್ಟುಕೊಂಡು ಅರ್ಧ ಬಿಸಾಕಿ ಶೋ ಮಾಡಿದವು. ಸೆಟ್ ಇದೆ, ಜೋಕರ್ ಇದೆ, ನೋಡೋಕೆ ಹದಿಮೂರೂ ಜಾಗದಲ್ಲಿದೆ. ಫಸ್ಟ್ ಲೈಫ್ ಎಲ್ಲಿ?

ಆ ಪಾಲಿನ ಲೆಕ್ಕ ಸುಲಭ, ಒಮ್ಮೆ ಮಾಡಿ ನೋಡಿ. ಸರಿಸಮಾನ ಕೌಶಲದ ಇಬ್ಬರು 100 ರೂಪಾಯಿ ಇಟ್ಟು ಆಡುತ್ತಾರೆ ಅಂದುಕೊಳ್ಳಿ. ಕಂಪನಿ ನೂರಕ್ಕೆ 10 ಹಿಡಿದರೆ ಗೆದ್ದವನಿಗೆ ಸಿಗೋದು 180. ಇಬ್ಬರೂ ಅರ್ಧರ್ಧ ಗೆದ್ದರೂ ಪ್ರತಿ ಆಟಕ್ಕೆ ತಲೆಗೆ 10 ರೂಪಾಯಿ ಲುಕ್ಸಾನು. ರಾತ್ರಿಗೆ 30 ಆಟ ಆಡಿದರೆ 300. ಬಂಡವಾಳ ಮುಳುಗದೇ ಇರಬೇಕಾದರೆ ನೂರರಲ್ಲಿ 56 ಆಟ ಗೆಲ್ಲಬೇಕು. ಸಮಬಲದ ಇಬ್ಬರಿಗೂ ಅದು ಒಟ್ಟಿಗೆ ಸಾಧ್ಯವೇ ಇಲ್ಲ. ಎದುರಿಗೆ ಕೂತವನು ನಿಮಗಿಂತ ಚುರುಕು ಆದರೆ? ಆಗ ಕೌಶಲದ ಆಟ ಅನ್ನೋ ಮಾತು ನಿಜವಾಗುತ್ತೆ, ನಿಮ್ಮ ವಿರುದ್ಧ ನಿಜವಾಗುತ್ತೆ. ಕೌಶಲ ಇದೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಕಲಿಯದವನ ಜೇಬು ಕಲಿತವನಿಗೆ ಖಚಿತವಾಗಿ ಹೋಗುತ್ತದೆ, ಇಬ್ಬರ ಜೇಬೂ ನಡುವೆ ಕೂತವನಿಗೆ ಇನ್ನೂ ಖಚಿತವಾಗಿ ಹೋಗುತ್ತದೆ.

"ನಾನು ದುಡಿದ ದುಡ್ಡು, ನನ್ನ ಸ್ವಾತಂತ್ರ್ಯ" ಅನ್ನುವ ಗೆಳೆಯರಿದ್ದಾರೆ. ಈ ವಾದವನ್ನು ನಾನು ತಳ್ಳಿಹಾಕಲ್ಲ. ಇದಕ್ಕೆ ಕೋರ್ಟಿನ ಬಲವೂ ಇತ್ತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರವರಿ 14ರಂದು ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ಚೀಲಕ್ಕೆ ತುಂಬಿದ್ದು ಸರಿಯಲ್ಲ ಅನ್ನೋದು ಅದರ ತಿರುಳು. 2025ರ ಕೇಂದ್ರ ಕಾಯ್ದೆ ಆ ವಾದಕ್ಕೇ ಹೋಗಲಿಲ್ಲ: ಕೌಶಲವೋ ಅದೃಷ್ಟವೋ, ಆನ್‌ಲೈನಿನಲ್ಲಿ ಹಣ ಕಟ್ಟಿಸಿ ಆಡಿಸುವ ಹಾಗಿಲ್ಲ. ಆಡಿದವನಿಗೆ ಶಿಕ್ಷೆ ಇಲ್ಲ, ಆಡಿಸಿದವನಿಗೆ, ಜಾಹೀರಾತು ಮಾಡಿದವನಿಗೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಕಾನೂನಿನ ಕೊನೆ ಮಾತು ಅವರದ್ದು. ಆದರೆ ಪ್ರಶ್ನೆಯನ್ನು ಸರಿಯಾದ ಜಾಗಕ್ಕೆ ತಂದದ್ದು ಈ ಕಾಯ್ದೆ ಅಂತ ನನಗನ್ನಿಸುತ್ತದೆ. ಎಲೆಯ ಗುಣ ಕೇಳುವ ಮೊದಲು ಚಾಪೆ ಯಾರದ್ದು, ಪಾಲು ಯಾರಿಗೆ ಅಂತ ಕೇಳಬೇಕು. ಮತ್ತೆ, ಈಗ ಪರದೇಶದ ಸೈಟು, ವಿಪಿಎನ್ ಅಂತ ಹುಡುಕುತ್ತಿರುವ ಗೆಳೆಯರೇ, ಅಲ್ಲಿ ಎಲೆ ಹಂಚುವವನು ಯಾರು ಅಂತಲೂ ನಿಮಗೆ ಗೊತ್ತಿಲ್ಲ. ದುಡ್ಡು ಹೋದರೆ ಯಾವ ಸ್ಟೇಷನ್ನಿಗೆ ಹೋಗ್ತೀರಿ?

ಇನ್ನು "ಇಸ್ಪೀಟು ಅಂದ್ರೇನೇ ಜೂಜು" ಅನ್ನುವವರು. ಜಾತ್ರೆ ಬದಿಯಲ್ಲಿ ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದವರ ಹೆಸರು ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಅದರಲ್ಲಿ ಮನೆ ಮುಳುಗಿಸಿಕೊಂಡವರನ್ನು ನಮ್ಮ ಕಡೆ ನಾನೂ ನೋಡಿದ್ದೇನೆ. ಹಳ್ಳಿ ಅಂದರೆ ಎಲ್ಲ ಚೊಕ್ಕ ಅನ್ನೋ ಭ್ರಮೆ ನನಗಿಲ್ಲ. ಆದರೆ ಅಂದರ್ ಬಾಹರಿನಲ್ಲಿ ಎಲೆ ಬೀಳೋದನ್ನು ಕಾಯಬೇಕು ಅಷ್ಟೇ, ಓದೋಕೆ ಕೈಯೇ ಇರಲ್ಲ. ರಮ್ಮಿಯಲ್ಲಿ ಇರುತ್ತೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನೇ ಕಟ್ಟಿದವರು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ 12ರಂತೆ 120 ಎಲೆ. ಅದನ್ನು ಇವತ್ತು ಚೌಕಟ್ಟು ಹಾಕಿಸಿ ಗೋಡೆಗೆ ನೇತು ಹಾಕುತ್ತೇವೆ, ಆಡೋಕೆ ಬರುವವರನ್ನು ಹುಡುಕಬೇಕು. ಜೂಜಿನ ಹೆಸರು ಹೇಳಿ ಮನೆಯಿಂದ ಎಲೆಯನ್ನೇ ಓಡಿಸಿದರೆ ರಮ್ಮಿಗೂ ಅದೇ ಗತಿ. ಆಮೇಲೆ ಮಕ್ಕಳಿಗೆ ರಮ್ಮಿ ಅಂದರೆ ಏನು ಅಂತ ಕಲಿಸೋಕೆ ಉಳಿಯೋದು ಆ್ಯಪ್ ಒಂದೇ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಎರಡು ಕಟ್ಟು ತಗೊಂಡು ಹೋಗಿ. ಪಣಕ್ಕೆ ಗೇರುಬೀಜವೋ ಹುಣಸೆ ಬೀಜವೋ ಇಡಿ. ಮನೆಯಲ್ಲಿ ಆಡಲು ಬಲ್ಲ ಹಿರಿಯರೊಬ್ಬರು ಇದ್ದೇ ಇರುತ್ತಾರೆ, ಅವರ ಎದುರಿಗೆ ಕೂತು ಕೈ ಓದೋದು ಕಲೀರಿ, ಪಕ್ಕದಲ್ಲಿ ಮನೆಯ ಮಕ್ಕಳನ್ನೂ ಕೂರಿಸಿಕೊಳ್ಳಿ. ಮೊದಲ ದಿನ ಜೋಡಿಸೋಕೆ ಐದು ನಿಮಿಷ ಹಿಡಿಯುತ್ತೆ, ನಾಲ್ಕನೇ ದಿನಕ್ಕೆ ಅರ್ಧ ನಿಮಿಷ ಸಾಕು. ಕೆಟ್ಟ ಕೈ ಬಂದರೆ ಮೊದಲಿಗೇ ಡ್ರಾಪ್ ಮಾಡಿ, 20 ಪಾಯಿಂಟಿಗೆ ಮುಗಿಯುತ್ತೆ. ಹಟಕ್ಕೆ ಕೂತರೆ 80. ಯಾವಾಗ ಏಳಬೇಕು ಅನ್ನೋದೂ ಕೈ ಓದುವುದರಲ್ಲೇ ಸೇರಿದೆ. ಇಷ್ಟು ವರ್ಷ ಸ್ಕಿಲ್ ಸ್ಕಿಲ್ ಅಂತ ಕೂಗಿದವರು ಕಲಿಸದೆ ಬಿಟ್ಟದ್ದು ಇದನ್ನೇ.